ಮಗು ಕಂದಕಕ್ಕೆ ಬಿದ್ದರೆ ಪ್ರಾಣಿಗೆ ಗುಂಡು ಹಾರಿಸಬೇಕಾ?

ಕಾಡುಮಲ್ಲಿಗೆ:
ಈ ವಿಷಯ ಬಂದರೆ ಸಾಕು, ಜನ ಎರಡು ಪಾಳಯ ಆಗಿಬಿಡುತ್ತಾರೆ. ಒಂದು ಕಡೆಯವರಿಗೆ ಪ್ರಾಣಿ ಬರೀ ಪ್ರಾಣಿ. ಇನ್ನೊಂದು ಕಡೆಯವರಿಗೆ ತಪ್ಪೆಲ್ಲ ಆ ಮಗುವಿನ ತಾಯಿಯದ್ದು. ಎರಡೂ ನನಗೆ ಒಪ್ಪಿಗೆಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹರಾಂಬೆ ಅನ್ನುವ ಗೊರಿಲ್ಲಾದಿಂದಲೇ ಶುರು ಮಾಡುತ್ತೇನೆ. 2016ರ ಮೇ 28, ಅಮೆರಿಕದ ಸಿನ್ಸಿನಾಟಿ ಮೃಗಾಲಯ. ಮೂರು ವರ್ಷದ ಹುಡುಗ ಬೇಲಿ ನುಸುಳಿ ಸುಮಾರು 15 ಅಡಿ ಕೆಳಗಿನ ಕಂದಕಕ್ಕೆ ಬಿದ್ದ. ಒಳಗೆ ಮೂರು ಗೊರಿಲ್ಲಾ ಇದ್ದವು. ಸಿಬ್ಬಂದಿ ಕರೆದ ತಕ್ಷಣ ಎರಡು ಹೆಣ್ಣು ಒಳಗೆ ಹೋದವು. ಗಂಡು ಹರಾಂಬೆ ಹೋಗಲಿಲ್ಲ. ಸುಮಾರು 200 ಕಿಲೋ ತೂಕದ ಪ್ರಾಣಿ, ಹಿಂದಿನ ದಿನವಷ್ಟೇ ಅದಕ್ಕೆ 17 ತುಂಬಿತ್ತು. ಹುಡುಗನನ್ನು ನೀರಿನಲ್ಲಿ ದರದರ ಎಳೆಯಿತು, ಎತ್ತಿ ನಿಲ್ಲಿಸಿತು, ಮತ್ತೆ ಎಳೆಯಿತು. ಮೇಲೆ ಜನ ಕಿರುಚುತ್ತಿದ್ದರು. ಹತ್ತು ನಿಮಿಷದ ಹೊತ್ತಿಗೆ ಗುಂಡು ಹಾರಿಸಿದರು. ಹುಡುಗ ಉಳಿದ.

ಗುಂಡು ಹಾರಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಹೊತ್ತಿನಲ್ಲಿ ಬೇರೆ ದಾರಿ ಇರಲಿಲ್ಲ. ಆದರೆ ‘ಮಗು ಮುಖ್ಯವಾ, ಗೊರಿಲ್ಲಾ ಮುಖ್ಯವಾ’ ಅಂತ ಆ ಹತ್ತು ನಿಮಿಷವನ್ನೇ ಹಿಡಿದು ಜಗ್ಗಾಡುವುದು ಸಾಕು. ಆ ಪ್ರಾಣಿ ಅಪರೂಪದ್ದು ಅನ್ನುವ ಮಾತಿಗೆ ಬಂದೂಕು ಎತ್ತಿದ ಮೇಲೆ ಬೆಲೆ ಇಲ್ಲ. ಬೆಲೆ ಇರಬೇಕಾದ್ದು ಬೇಲಿ ಕಟ್ಟುವಾಗ. ಆ ಆವರಣ ಶುರುವಾದದ್ದು 1978ರಲ್ಲಿ. 38 ವರ್ಷ ಯಾರೂ ಒಳಗೆ ಬಿದ್ದಿರಲಿಲ್ಲ, ಹಾಗಾಗಿ ಬೇಲಿ ಸಾಕು ಅಂದುಕೊಂಡರು. ಹರಾಂಬೆ ಸತ್ತ ಮೇಲೆ ಅದೇ ಬೇಲಿಯನ್ನು ಮೂರೂವರೆ ಅಡಿಗೆ ಎತ್ತರಿಸಿ, ಗಟ್ಟಿ ಮರದ ತೊಲೆ ಹಾಕಿ, ಸಂದಿನಲ್ಲಿ ಮಗು ನುಸುಳದಂತೆ ಹಗ್ಗದ ಬಲೆ ಕಟ್ಟಿದರು. ಹಳೆಯ ಬೇಲಿ ನಿಯಮಕ್ಕೆ ತಕ್ಕಂತೆ ಇರಲಿಲ್ಲ ಅಂತ ಅಲ್ಲಿನ ಕೃಷಿ ಇಲಾಖೆಯ ತಪಾಸಣೆಯಲ್ಲೂ ಬಂತು. ಒಂದಿಷ್ಟು ಮರ, ಒಂದು ಬಲೆ. ಮೊದಲೇ ಮಾಡಬಹುದಿತ್ತು ಅಲ್ವಾ?

ಇನ್ನೊಂದು ಮಾತು. ಮನುಷ್ಯನನ್ನು ಉಳಿಸಲು ಗುಂಡು ಹಾರಿಸುವುದು ಬೇರೆ. ಮನುಷ್ಯ ಸತ್ತ ಮೇಲೆ, ಇನ್ಯಾರಿಗೂ ಅಪಾಯ ಇಲ್ಲದಾಗ, ಪ್ರಾಣಿಯನ್ನು ಕೊಲ್ಲುವುದು ಬೇರೆ. ಮೊದಲನೆಯದು ರಕ್ಷಣೆ. ಎರಡನೆಯದು ಸೇಡು. ಅದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ನೇರನುಡಿ:
ಮನುಷ್ಯನ ಜೀವ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ‘ಸೇಡು’ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಒಮ್ಮೆ ಮನುಷ್ಯನನ್ನು ಕೊಂದ ಪ್ರಾಣಿಯ ಹತ್ತಿರ ನಾಳೆ ಕೆಲಸ ಮಾಡುವವನೂ ಮನುಷ್ಯನೇ. ಅವನ ಮನೆಯಲ್ಲೂ ಹೆಂಡತಿ ಮಕ್ಕಳು ಇರುತ್ತಾರೆ. ಅವನಿಗೆ ಯಾರು ಧೈರ್ಯ ಹೇಳುತ್ತಾರೆ?

ಹಸಿರುಗರಿ:
ಬೇರೆ ದಾರಿ ಇರಲಿಲ್ಲ ಅಂತ ಅಷ್ಟು ಬೇಗ ಹೇಳಿಬಿಟ್ಟರೆ ಹೇಗೆ? ಅರಿವಳಿಕೆ ಬಂದೂಕು ಇದ್ದೇ ಇತ್ತಲ್ಲ. ಅದೂ ಅಲ್ಲದೆ ಗೊರಿಲ್ಲಾಗಳು ಮಕ್ಕಳನ್ನು ಕಾಪಾಡಿದ ಉದಾಹರಣೆಗಳೂ ಇವೆ. 1986ರಲ್ಲಿ ಜರ್ಸಿ ದ್ವೀಪದ ಮೃಗಾಲಯದಲ್ಲಿ ಐದು ವರ್ಷದ ಹುಡುಗ ಬಿದ್ದು ಎಚ್ಚರ ತಪ್ಪಿದಾಗ ಜಾಂಬೊ ಅನ್ನುವ ದೊಡ್ಡ ಗಂಡು ಗೊರಿಲ್ಲಾ ಅವನ ಪಕ್ಕ ನಿಂತು, ಬೆನ್ನು ಸವರಿ, ಉಳಿದ ಗೊರಿಲ್ಲಾಗಳಿಗೆ ಅಡ್ಡ ನಿಂತಿತು. 1996ರಲ್ಲಿ ಷಿಕಾಗೊ ಹತ್ತಿರದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಮೂರು ವರ್ಷದ ಹುಡುಗ ಬಿದ್ದ. ಬಿಂಟಿ ಜುವಾ ಅನ್ನುವ ಹೆಣ್ಣು ಗೊರಿಲ್ಲಾ, ಬೆನ್ನ ಮೇಲೆ ತನ್ನದೇ ಮರಿ ಇದ್ದರೂ ಆ ಹುಡುಗನನ್ನು ತೋಳಲ್ಲಿ ಎತ್ತಿಕೊಂಡು ಸಿಬ್ಬಂದಿ ಬರುವ ಬಾಗಿಲ ಹತ್ತಿರ ತಂದಿಟ್ಟಿತು. ಹರಾಂಬೆಯೂ ಹಾಗೇ ಮಾಡುತ್ತಿತ್ತೇನೋ. ಒಂದು ಅವಕಾಶವನ್ನೂ ಕೊಡಲಿಲ್ಲ ಅನ್ನುವುದೇ ನನ್ನ ಸಂಕಟ.

ವನ್ಯವೈದ್ಯೆ:
ಅರಿವಳಿಕೆ ಬಗ್ಗೆ ನಾನು ಹೇಳಬೇಕು, ಅದು ನನ್ನ ದಿನದ ಕೆಲಸ.

ಸಿನಿಮಾದಲ್ಲಿ ಡಾರ್ಟ್ ಬಿದ್ದ ತಕ್ಷಣ ಪ್ರಾಣಿ ಧೊಪ್ಪನೆ ಬೀಳುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ. ಡಾರ್ಟ್ ಅಂದರೆ ಹಾರುವ ಸಿರಿಂಜ್. ಸೂಜಿ ತೊಡೆಗೋ ಭುಜಕ್ಕೋ, ದಪ್ಪ ಮಾಂಸಖಂಡಕ್ಕೇ ಇಳಿಯಬೇಕು. ಮೂಳೆಗೆ ತಾಗಿ ಪುಟಿದರೆ ಔಷಧಿ ಅರ್ಧಂಬರ್ಧ ಹೋಗುತ್ತದೆ. ಕೊಬ್ಬಿಗೆ ಹೋದರೆ ಇನ್ನೂ ನಿಧಾನ. ಹುಲಿಗೆ ನಾವು ಸಾಮಾನ್ಯವಾಗಿ ಬಳಸುವುದು ಕ್ಸೈಲಜೀನ್ ಮತ್ತು ಕೆಟಮೀನ್ ಬೆರೆಸಿ. ಎಷ್ಟು ಅನ್ನುವುದು ತೂಕ ನೋಡಿ. ಪ್ರಾಣಿ ಶಾಂತವಾಗಿ ಕೂತಿದ್ದರೂ ಪೂರ್ತಿ ಮಲಗಲು ಹತ್ತು ಹದಿನೈದು ನಿಮಿಷ ಬೇಕಾಗುತ್ತದೆ. ಸುತ್ತ ಗಲಾಟೆ ಇದ್ದು ಅದು ಕೆರಳಿದ್ದರೆ ಇನ್ನೂ ಜಾಸ್ತಿ, ಒಮ್ಮೊಮ್ಮೆ ಎರಡನೇ ಡಾರ್ಟ್ ಹಾಕಬೇಕು.

ಆ ಹತ್ತು ನಿಮಿಷವೇ ಭಯದ್ದು. ಸೂಜಿ ಚುಚ್ಚಿದಾಗ ಪ್ರಾಣಿ ಬೆಚ್ಚಿಬೀಳುತ್ತದೆ. ನೋವು ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಎದುರಿಗೆ ಸಿಕ್ಕಿದ್ದರ ಮೇಲೆ ಸಿಟ್ಟು ತೀರಿಸಬಹುದು. ಅಲ್ಲಿ ಎದುರಿಗೆ ಇದ್ದದ್ದು ಮಗು. ಔಷಧಿ ಹತ್ತುತ್ತಾ ಬಂದಂತೆ ಕಾಲು ತಡವರಿಸುತ್ತದೆ, ದೃಷ್ಟಿ ಮಂಜಾಗುತ್ತದೆ, ಹೆದರಿಕೆ ಹೆಚ್ಚುತ್ತದೆ. 200 ಕಿಲೋ ಪ್ರಾಣಿ ಆ ಸ್ಥಿತಿಯಲ್ಲಿ ಮಗುವಿನ ಮೇಲೇ ಕುಸಿದರೆ? ಅದೂ ನೀರಿದ್ದ ಕಂದಕದಲ್ಲಿ.

ಹಸಿರುಗರಿ ಅವರೇ, ಬಿಂಟಿ ಜುವಾ ಕಥೆ ನನಗೂ ತುಂಬ ಇಷ್ಟ. ಆದರೆ ಅದರ ಹಿಂದೆ ಒಂದು ವಿಷಯ ಇದೆ. ಬಿಂಟಿ ಮನುಷ್ಯರ ಕೈಯಲ್ಲಿ ಬೆಳೆದದ್ದು. ಅದಕ್ಕೆ ಮರಿ ಆಗುವ ಮೊದಲು, ಗೊಂಬೆ ಕೊಟ್ಟು, ಮರಿಯನ್ನು ಹೇಗೆ ಎತ್ತಿಕೊಳ್ಳಬೇಕು, ಸಿಬ್ಬಂದಿಗೆ ಹೇಗೆ ತಂದು ತೋರಿಸಬೇಕು ಅಂತ ಕಲಿಸಿದ್ದರು. ಅದರ ಮಮತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ನಂಬಿಕೊಂಡು ಇನ್ನೊಂದು ಗಂಡು ಗೊರಿಲ್ಲಾದ ಕೈಯಲ್ಲಿ ಮಗುವನ್ನು ಬಿಟ್ಟು ಕಾಯಲು ಆಗುವುದಿಲ್ಲ. ಜಾಂಬೊ ಹತ್ತಿರ ಇದ್ದ ಹುಡುಗ ಎಚ್ಚರ ತಪ್ಪಿ ಅಲ್ಲಾಡದೆ ಬಿದ್ದಿದ್ದ. ಎದ್ದು ಅಳಲು ಶುರು ಮಾಡಿದಾಗ ಜಾಂಬೊ ಹಿಂದೆ ಸರಿಯಿತು. ಹರಾಂಬೆ ಸುತ್ತ ಇದ್ದದ್ದು ಕಿರುಚುವ ಜನ.

ಹಸಿರುಗರಿ:
ಗೊಂಬೆ ಕೊಟ್ಟು ಕಲಿಸಿದ ವಿಷಯ ಇಲ್ಲಿ ಹೇಳಿದ್ದು ಒಳ್ಳೆಯದಾಯಿತು ಮೇಡಂ. ಆದರೂ ಒಂದು ಕೇಳುತ್ತೇನೆ. ಹೆಣ್ಣು ಗೊರಿಲ್ಲಾಗಳು ಕರೆದ ತಕ್ಷಣ ಒಳಗೆ ಹೋದವಲ್ಲ, ಅದೂ ಕಲಿಸಿದ್ದರಿಂದಲೇ ತಾನೇ? ಹಾಗಿದ್ದರೆ ಗಂಡಿಗೂ ಕಲಿಸಬಹುದಲ್ಲ?

ವನ್ಯವೈದ್ಯೆ:
ಕಲಿಸುತ್ತಾರೆ. ಕರೆದಾಗ ಬಂದರೆ ಇಷ್ಟದ ತಿಂಡಿ, ಇದು ದಿನವೂ ನಡೆಯುವ ಅಭ್ಯಾಸ. ಮುಕ್ಕಾಲು ಪಾಲು ಸಲ ಪ್ರಾಣಿ ಬರುತ್ತದೆ. ಆದರೆ ಎದುರಿಗೆ ಹೊಸದೊಂದು ಸಿಕ್ಕಿದಾಗ ತಿಂಡಿಯ ಆಸೆ ಸಾಲುವುದಿಲ್ಲ. ಗುಂಪಿನ ಯಜಮಾನ ಗಂಡು ಅಂದರೆ ಗದ್ದಲ ಎಲ್ಲಿ ಇದೆಯೋ ಅಲ್ಲಿಗೆ ತಾನೇ ನಿಲ್ಲುವುದು ಅದರ ಸ್ವಭಾವ.

ಬಿಸಿಲುಕೋಲು:
ಮಗುವಿನ ವಿಷಯ ಒಪ್ಪಿದೆ. ಬೇಕೂಂತಲೇ ಒಳಗೆ ಜಿಗಿಯುವ ದೊಡ್ಡವರ ಕಥೆ ಏನು? ಅದೇ 2016ರ ಮೇ ತಿಂಗಳಲ್ಲಿ, ಹರಾಂಬೆಗಿಂತ ಒಂದು ವಾರ ಮೊದಲು, ಚಿಲಿಯ ಸಾಂಟಿಯಾಗೊ ಮೃಗಾಲಯದಲ್ಲಿ ಒಬ್ಬ ಸಿಂಹದ ಆವರಣಕ್ಕೆ ಇಳಿದ. ಅವನನ್ನು ಉಳಿಸಲು ಎರಡು ಸಿಂಹಗಳಿಗೆ ಗುಂಡು ಹಾರಿಸಿದರು. ಅವನು ಬದುಕಿದ. ಆ ಸಿಂಹಗಳು ಮಾಡಿದ ತಪ್ಪೇನು? ಅವು ತಮ್ಮ ಜಾಗದಲ್ಲಿ ತಾವು ಇದ್ದವು. ಯಾರದೋ ಹುಚ್ಚಾಟಕ್ಕೆ ಎರಡು ಜೀವ ಹೋಯಿತು. ಇದನ್ನು ನಾನು ಹೇಗೆ ಒಪ್ಪಲಿ?

ಕಾಡುಮಲ್ಲಿಗೆ:
ನನಗೂ ಆ ಸುದ್ದಿ ಓದಿದಾಗ ಹೊಟ್ಟೆ ಉರಿದಿತ್ತು. ಆದರೆ ‘ಹುಚ್ಚಾಟ’ ಅನ್ನುವ ಮಾತು ಬೇಡ. ಹೀಗೆ ಇಳಿಯುವವರಲ್ಲಿ ಎಷ್ಟೋ ಜನ ಬದುಕು ಬೇಡವಾದವರು, ಮನಸ್ಸಿನ ಕಾಯಿಲೆ ಇರುವವರು, ಇಲ್ಲವೇ ಕುಡಿದವರು. ಬಂದೂಕು ಹಿಡಿದು ನಿಂತವನಿಗೆ ಅದನ್ನೆಲ್ಲ ವಿಚಾರಿಸಲು ಹೊತ್ತಿಲ್ಲ. ಒಳಗಿರುವವನ ಜೀವ ಉಳಿಸಿಕೊಳ್ಳುವ ಯೋಗ್ಯತೆ ಎಷ್ಟು ಅಂತ ತೂಗಲು ಶುರು ಮಾಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಹೇಳಿ. ಹಾಗಾಗಿ ಮಗುವಿಗೆ ಯಾವ ನಿಯಮವೋ ದೊಡ್ಡವರಿಗೂ ಅದೇ.

ಆದರೆ ಪ್ರತಿ ಸಲ ಗುಂಡೇ ಆಗಬೇಕು ಅಂತೇನಿಲ್ಲ. 2012ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಒಬ್ಬ ಮೊನೊರೈಲಿನಿಂದ ಹುಲಿಯ ಆವರಣಕ್ಕೆ ಜಿಗಿದ. ಹುಲಿ ಕಚ್ಚಿತ್ತು. ಸಿಬ್ಬಂದಿ ಬೆಂಕಿ ಆರಿಸುವ ಸಿಲಿಂಡರ್ ತಂದು ಹುಲಿಯತ್ತ ಬುಸ್ಸನೆ ಬಿಟ್ಟರು. ಅದು ಹಿಂದೆ ಸರಿಯಿತು. ಅವನನ್ನು ತಂತಿಯ ಅಡಿಯಿಂದ ಉರುಳಿ ಬಾ ಅಂತ ಹೇಳಿ ಹೊರಗೆ ಎಳೆದುಕೊಂಡರು. ಹುಲಿಯೂ ಬದುಕಿತು. 2016ರಲ್ಲಿ ಹೈದರಾಬಾದಿನ ಮೃಗಾಲಯದಲ್ಲಿ ಸಿಂಹದ ಆವರಣಕ್ಕೆ ಇಳಿದವನನ್ನು ಕೀಪರ್ ಸಿಂಹಗಳ ಗಮನ ಬೇರೆ ಕಡೆ ಸೆಳೆದು ಉಳಿಸಿದ. ಅಲ್ಲೂ ಗುಂಡಿನ ಸದ್ದಿಲ್ಲ.

ಇದಕ್ಕೆ ವಿರುದ್ಧವಾದದ್ದು 2014ರ ಸೆಪ್ಟೆಂಬರಿನಲ್ಲಿ ದೆಹಲಿ ಮೃಗಾಲಯದಲ್ಲಿ ಆದದ್ದು. ಬಿಳಿ ಹುಲಿ ವಿಜಯ್ ಎದುರಿಗೆ ಕೈಮುಗಿದು ಮುದುಡಿ ಕೂತ ಆ ಹುಡುಗನ ವಿಡಿಯೊ ನೀವೆಲ್ಲ ನೋಡಿರುತ್ತೀರಿ. ಹುಲಿ ಬಹಳ ಹೊತ್ತು ಸುಮ್ನೆ ನೋಡುತ್ತಾ ನಿಂತಿತ್ತು, ಒಮ್ಮೆ ಪಂಜದಿಂದ ಮುಟ್ಟಿ ನೋಡಿತು. ಮೇಲಿನಿಂದ ಜನ ಕಲ್ಲು ಎಸೆದರು, ಕೂಗಾಡಿದರು. ಕೊನೆಗೆ ಅದು ಕುತ್ತಿಗೆ ಹಿಡಿದು ಎಳೆದುಕೊಂಡು ಹೋಯಿತು. ಆ ನಿಮಿಷಗಳಲ್ಲಿ ಮಾಡಬೇಕಾದದ್ದನ್ನು ಮಾಡಲು ಅಲ್ಲಿ ಯಾರೂ ಸಿದ್ಧರಿರಲಿಲ್ಲ. ಆಮೇಲೆ ವಿಜಯನನ್ನು ಕೊಲ್ಲಲಿಲ್ಲ. ಅದು ಸರಿಯಾಗಿತ್ತು.

ಹಳೇ ಕೀಪರ್:
ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಹೊರಗಿನಿಂದ ಬಂದು ಬೀಳುವವರ ಬಗ್ಗೆಯೇ ಬರೆಯುತ್ತಿದ್ದೀರಿ. ಆದರೆ ದಿನಾ ಆ ಪ್ರಾಣಿಗಳ ಮಗ್ಗುಲಲ್ಲೇ ಬದುಕುವವರು ನಾವು. ಹುಲಿ ಸಿಂಹದ ಕೈಗೆ ಸಿಕ್ಕಿ ಸತ್ತವರಲ್ಲಿ ನಮ್ಮವರೂ ಇದ್ದಾರೆ.

ನಮ್ಮ ಕೆಲಸದಲ್ಲಿ ಎಲ್ಲವೂ ಬಾಗಿಲು, ಬೀಗ. ಹುಲಿ ಹೊರಗಿನ ಬಯಲಲ್ಲಿ ಇದ್ದಾಗ ಒಳಗಿನ ಕೋಣೆ ತೊಳೆಯುತ್ತೇವೆ. ಅದು ಒಳಗೆ ಬಂದಾಗ ಬಯಲು ಗುಡಿಸುತ್ತೇವೆ. ಮಧ್ಯದಲ್ಲಿ ಒಂದು ಜಾರುವ ಬಾಗಿಲು, ಹೊರಗಿನಿಂದ ಸರಪಳಿ ಎಳೆದರೆ ಬೀಳುತ್ತದೆ. ಅದು ಬಿದ್ದಿದೆಯಾ, ಅಗುಳಿ ಕೂತಿದೆಯಾ, ಬೀಗ ಹಾಕಿ ಎಳೆದು ನೋಡಿದೆಯಾ, ಪ್ರಾಣಿಯನ್ನು ಕಣ್ಣಾರೆ ಕಂಡೆಯಾ. ಎರಡು ಹುಲಿ ಇದ್ದರೆ ಎರಡನ್ನೂ ಕಾಣಬೇಕು. ಒಂದನ್ನು ಕಂಡು ಇನ್ನೊಂದೂ ಅಲ್ಲೇ ಇರುತ್ತೆ ಅಂದುಕೊಂಡು ಒಳಗೆ ಕಾಲಿಡಬಾರದು. ಕಷ್ಟ ಏನೆಂದರೆ ಇದನ್ನು ದಿನಾ, ವರ್ಷಗಟ್ಟಲೆ ಮಾಡಬೇಕು. ಜ್ವರ ಇದ್ದ ದಿನವೂ, ಮನೆಯಲ್ಲಿ ಜಗಳ ಆಗಿ ಬಂದ ದಿನವೂ. ಅದಕ್ಕೇ ಇಬ್ಬರು ಇರಬೇಕು ಅನ್ನುವ ನಿಯಮ. ಒಬ್ಬ ಹಾಕಿದ ಬೀಗವನ್ನು ಇನ್ನೊಬ್ಬ ನೋಡಬೇಕು. ಜನ ಸಾಲದು ಅಂತ ಆ ಎರಡನೆಯವನನ್ನೇ ಮೊದಲು ತೆಗೆಯುವ ಕಡೆಗಳಿವೆ. ಅದು ನನಗೆ ಕೋಪ ತರಿಸುವ ವಿಷಯ.

ನೇರನುಡಿ ಸರ್ ಕೇಳಿದ್ದಕ್ಕೆ ಉತ್ತರ. ಕೀಪರನ್ನು ಕೊಂದ ಹುಲಿಯ ಹತ್ತಿರ ನಾಳೆ ನಾನು ಕೆಲಸ ಮಾಡುತ್ತೇನಾ? ಮಾಡುತ್ತೇನೆ. ಯಾಕೆಂದರೆ ಕೊಂದ ಹುಲಿ, ಕೊಲ್ಲದ ಹುಲಿ ಅಂತ ನಮ್ಮಲ್ಲಿ ಎರಡು ಜಾತಿ ಇಲ್ಲ. ಬಾಗಿಲು ತೆರೆದಿದ್ದರೆ ಯಾವ ಹುಲಿಯಾದರೂ ಅದನ್ನೇ ಮಾಡುತ್ತದೆ. 2020ರಲ್ಲಿ ಜ್ಯೂರಿಕ್ ಮೃಗಾಲಯದಲ್ಲಿ ಇರಿನಾ ಅನ್ನುವ ಸೈಬೀರಿಯಾ ಹೆಣ್ಣು ಹುಲಿ ಕೀಪರನ್ನು ಕೊಂದಿತು. ಅದನ್ನು ಕೊಲ್ಲಲಿಲ್ಲ. 2019ರಲ್ಲಿ ಅಮೆರಿಕದ ಟೊಪೀಕಾದಲ್ಲಿ ಸಂಜೀವ್ ಅನ್ನುವ ಸುಮಾತ್ರಾ ಹುಲಿ ಕೀಪರ್ ಮೇಲೆ ಎರಗಿತು. ಉಳಿದ ಸಿಬ್ಬಂದಿ ಆಹಾರದ ಆಸೆ ತೋರಿಸಿ ಅದನ್ನು ಒಳಗೆ ಕರೆದರು. ಕೀಪರ್ ಬದುಕಿದರು, ಹುಲಿಯೂ ಬದುಕಿತು. 2012ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಮಾತ್ರ ಆಲ್ಟಾಯ್ ಅನ್ನುವ ಹುಲಿಯನ್ನು ನಿರ್ದೇಶಕರೇ ಗುಂಡಿಟ್ಟು ಕೊಂದರು. ಅಲ್ಲಿ ಬಾಗಿಲು ಮುಚ್ಚಿರಲಿಲ್ಲ, ಹುಲಿ ತನ್ನ ಆವರಣ ದಾಟಿ ಪಕ್ಕದ ಕಟ್ಟಡಕ್ಕೆ ಬಂದಿತ್ತು, ಕೀಪರ್ ಒಳಗೆ ಬಿದ್ದಿದ್ದರು, ಹೊರಗೆ ಜನ ಇದ್ದರು. ಅದನ್ನು ನಾನು ಸೇಡು ಅನ್ನುವುದಿಲ್ಲ.

ನೇರನುಡಿ:
ಅಣ್ಣ, ನಿಮ್ಮ ಅನುಭವದ ಮುಂದೆ ನಾನು ಚಿಕ್ಕವನು. ಆದರೂ ಒಂದು ಘಟನೆ ಇಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊ ಮೃಗಾಲಯದ ತಾತಿಯಾನಾ. 2006ರ ಡಿಸೆಂಬರಿನಲ್ಲಿ ಅದು ಕೀಪರ್ ಒಬ್ಬರ ತೋಳನ್ನು ಕಚ್ಚಿ ಹರಿಯಿತು. ಹುಲಿ ಹುಲಿಯ ಹಾಗೇ ನಡೆದುಕೊಂಡಿದೆ ಅಂತ ಬಿಟ್ಟರು. ಹೆಚ್ಚುಕಡಿಮೆ ಒಂದು ವರ್ಷಕ್ಕೆ, 2007ರ ಕ್ರಿಸ್‌ಮಸ್ ದಿನ, ಅದೇ ಹುಲಿ ಆವರಣದಿಂದ ಹೊರಗೆ ಬಂದು 17 ವರ್ಷದ ಹುಡುಗನನ್ನು ಕೊಂದಿತು, ಇನ್ನಿಬ್ಬರನ್ನು ಗಾಯ ಮಾಡಿತು. ಆಮೇಲೆ ಪೊಲೀಸರು ಗುಂಡು ಹಾರಿಸಿದರು. ಮೊದಲ ಸಲವೇ ಕೊಂದಿದ್ದರೆ ಆ ಹುಡುಗ ಇವತ್ತು ಇರುತ್ತಿದ್ದ. ಇದಕ್ಕೆ ಏನು ಹೇಳುತ್ತೀರಿ?

ಕಾಡುಮಲ್ಲಿಗೆ:
ಇಲ್ಲಿ ಬಂದ ಎಲ್ಲ ಪ್ರಶ್ನೆಗಳಲ್ಲಿ ಇದೇ ಗಟ್ಟಿ. ಇದಕ್ಕೆ ಉತ್ತರ ಕೊಡದೆ ನನ್ನ ವಾದ ನಿಲ್ಲುವುದಿಲ್ಲ.

ಎರಡೂ ಘಟನೆಯನ್ನು ಹತ್ತಿರದಿಂದ ನೋಡಿ. 2006ರಲ್ಲಿ ಆ ಹುಲಿ ಕಂಬಿಯ ಸಂದಿನಿಂದ ಕೀಪರ್ ತೋಳು ಹಿಡಿದದ್ದು, ಜನ ನೋಡುವಾಗ ಮಾಂಸ ಹಾಕುವ ಹೊತ್ತಿನಲ್ಲಿ. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ತನಿಖೆ ಮಾಡಿ ತಪ್ಪು ಮೃಗಾಲಯದ್ದು ಅಂದಿತು. 2007ರಲ್ಲಿ ಅದು ಹೊರಗೆ ಬಂದದ್ದು ಕಂದಕದ ಗೋಡೆ ಹತ್ತಿ. ಹುಲಿಗೆ ಗೋಡೆ ಸುಮಾರು 16 ಅಡಿ ಮೇಲೆ ಇರಬೇಕು ಅಂತ ಅಲ್ಲಿನ ಮೃಗಾಲಯಗಳ ಸಂಘದ ಸಲಹೆ ಇತ್ತು. ಅಲ್ಲಿದ್ದದ್ದು ಹನ್ನೆರಡೂವರೆ ಅಡಿ. ಅಳತೆ ತೆಗೆದದ್ದು ಹುಡುಗ ಸತ್ತ ಮೇಲೆ. ಈಗ ಹೇಳಿ, ತಾತಿಯಾನಾಳನ್ನು ಮೊದಲೇ ಕೊಂದು ಅದೇ ಗೋಡೆಯ ಹಿಂದೆ ಬೇರೆ ಹುಲಿ ಬಿಟ್ಟಿದ್ದರೆ? ಕೆರಳಿದರೆ ಅದೂ ಹತ್ತುತ್ತಿತ್ತು. ಪ್ರಾಣಿಯನ್ನು ಕೊಂದರೆ ‘ಏನೋ ಕ್ರಮ ತೆಗೆದುಕೊಂಡೆವು’ ಅನ್ನುವ ಸಮಾಧಾನ ಸಿಗುತ್ತದೆ, ಗೋಡೆ ಅಷ್ಟೇ ಎತ್ತರ ಉಳಿಯುತ್ತದೆ. ನನ್ನ ಭಯ ಇದೇ. ಕೊಲ್ಲುವುದು ಸುಲಭ ಆದಷ್ಟೂ ಗೋಡೆ ಅಳೆಯುವುದು ಮುಂದಕ್ಕೆ ಹೋಗುತ್ತದೆ.

ನೇರನುಡಿ:
ಗೋಡೆ ವಿಷಯ ಒಪ್ಪಿದೆ. ಆದರೂ ಅಂಥ ಪ್ರಾಣಿಯನ್ನು ಜನ ನೋಡುವ ಜಾಗದಿಂದಾದರೂ ತೆಗೆದು ಒಳಗೆ ಇಡಬೇಕು ಅನ್ನುವುದು ನನ್ನ ನಿಲುವು.

ಹಳೇ ಕೀಪರ್:
ಅದಕ್ಕೆ ನನ್ನ ವಿರೋಧ ಇಲ್ಲ. ಗೋಡೆ ಸರಿಯಾಗುವ ತನಕ ಯಾವ ಹುಲಿಯನ್ನೂ ಆ ಜಾಗದಲ್ಲಿ ಬಿಡಬಾರದು.

ಬಿಸಿಲುಕೋಲು:
‘ಅಳಿವಿನಂಚಿನ’ ಅನ್ನುವುದಕ್ಕೆ ಏನೂ ತೂಕ ಇಲ್ಲವಾ ಹಾಗಾದರೆ? 2021ರ ಡಿಸೆಂಬರಿನಲ್ಲಿ ಫ್ಲಾರಿಡಾದ ನೇಪಲ್ಸ್ ಮೃಗಾಲಯದಲ್ಲಿ ಏಕೊ ಅನ್ನುವ ಎಂಟು ವರ್ಷದ ಹುಲಿಗೆ ಗುಂಡು ಹಾರಿಸಿದರು. ಮಲಯಾ ಹುಲಿ, ಕಾಡಿನಲ್ಲಿ 150ಕ್ಕಿಂತ ಕಡಿಮೆ ಉಳಿದಿವೆ ಅಂತ ಅಂದಾಜು. ಶೌಚಾಲಯ ಮತ್ತು ಅಂಗಡಿ ತೊಳೆಯುವ ಕೆಲಸದವನು, ಪ್ರಾಣಿಗಳ ಹತ್ತಿರ ಅವನಿಗೆ ಕೆಲಸವೇ ಇಲ್ಲ, ಹೊರಗಿನ ಬೇಲಿ ದಾಟಿ ಒಳಗಿನ ಬೇಲಿಯಲ್ಲಿ ಕೈ ತೂರಿಸಿದ. ಹುಲಿ ಹಿಡಿಯಿತು. ಪೊಲೀಸ್ ಬಂದು ಬೇಲಿ ಒದ್ದ, ಬಿಡಲಿಲ್ಲ, ಗುಂಡು ಹಾರಿಸಿದ. 150ರಲ್ಲಿ ಒಂದು!

ವನ್ಯವೈದ್ಯೆ:
ಆ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. 150 ಅನ್ನುವುದು ಕಾಡಿನವು, ಏಕೊ ಅವುಗಳಲ್ಲಿ ಒಂದಲ್ಲ. ಮೃಗಾಲಯದ ಪ್ರಾಣಿಗಳಿಗೆ ಬೇರೆ ವಂಶಾವಳಿ ಪುಸ್ತಕ ಇರುತ್ತದೆ. ಯಾವ ಗಂಡು, ಯಾವ ಹೆಣ್ಣು, ಯಾರ ಮರಿ, ಯಾವ ರಕ್ತ ಕಡಿಮೆ ಇದೆ ಅಂತ ನೋಡಿ ಜೋಡಿ ಮಾಡುತ್ತಾರೆ. ಆ ಪುಸ್ತಕದಲ್ಲಿ ಮರಿ ಹಾಕದ ಒಂದು ಗಂಡು ಹೋದರೆ ಕೆಲವೊಮ್ಮೆ ಒಂದು ವಂಶವೇ ಹೋಗುತ್ತದೆ. ಹರಾಂಬೆ ಸತ್ತ ಮೇಲೆ ವೀರ್ಯ ತೆಗೆದು ಇಟ್ಟದ್ದು ಅದಕ್ಕೇ. ಹೆಣ್ಣು ಗೊರಿಲ್ಲಾ ಮರಿ ಹಾಕುವುದು ನಾಲ್ಕೈದು ವರ್ಷಕ್ಕೊಮ್ಮೆ, ಹಾಗಾಗಿ ಕಳೆದುಕೊಂಡದ್ದು ಬೇಗ ತುಂಬುವುದಿಲ್ಲ.

ತೂಕ ಖಂಡಿತ ಇದೆ. ಆದರೆ ಕೈ ಕಚ್ಚಿಸಿಕೊಂಡು ರಕ್ತ ಸುರಿಸುತ್ತಾ ಕಿರುಚುತ್ತಿರುವವನ ಎದುರು ನಿಂತು, ಇದು 150ರಲ್ಲಿ ಒಂದಾ, ಮೂರು ಲಕ್ಷದಲ್ಲಿ ಒಂದಾ ಅಂತ ಎಣಿಸಲು ಆಗುತ್ತದಾ? ಎಣಿಸಿದರೆ, ಸಂಖ್ಯೆ ಜಾಸ್ತಿ ಇರುವ ಪ್ರಾಣಿಯನ್ನು ಸಲೀಸಾಗಿ ಕೊಲ್ಲಬಹುದು ಅಂತಾಯಿತು. ಸಿಂಹದ ಜೀವ ಮಲಯಾ ಹುಲಿಯ ಜೀವಕ್ಕಿಂತ ಅಗ್ಗವಲ್ಲ. ಕಾಡುಮಲ್ಲಿಗೆ ಮೊದಲೇ ಬರೆದ ಹಾಗೆ ಆ ಎಣಿಕೆ ಬೇಲಿಯ ಹೊತ್ತಿನದು. ಏಕೊ ವಿಷಯದಲ್ಲಿ ನಾನು ಕೇಳುವುದು, ಮೃಗಾಲಯ ಮುಚ್ಚಿದ ಮೇಲೆ ಆ ಬೇಲಿಯ ಹತ್ತಿರಕ್ಕೆ ಹೊರಗಿನ ಕೆಲಸದವನು ಒಬ್ಬನೇ ಹೋಗಲು ಹೇಗೆ ಆಯಿತು ಅಂತ.

ಹಸಿರುಗರಿ:
ಮೃಗಾಲಯಗಳನ್ನೇ ಮುಚ್ಚಿಬಿಟ್ಟರೆ ಈ ಪ್ರಶ್ನೆಯೇ ಇಲ್ಲ ಅಂತ ನನಗೆ ಎಷ್ಟೋ ಸಲ ಅನಿಸುತ್ತದೆ.

ಕಾಡುಮಲ್ಲಿಗೆ:
ಅನಿಸುವುದು ಸಹಜ. ಆದರೆ ಅರೇಬಿಯಾದ ಓರಿಕ್ಸ್ ಅನ್ನುವ ಹುಲ್ಲೆ 1972ರ ಹೊತ್ತಿಗೆ ಕಾಡಿನಿಂದ ಪೂರ್ತಿ ಅಳಿದಿತ್ತು, ಮೃಗಾಲಯಗಳಲ್ಲಿ ಉಳಿದಿದ್ದವುಗಳಿಂದಲೇ 1982ರಲ್ಲಿ ಒಮಾನಿನ ಮರುಭೂಮಿಗೆ ಮರಳಿತು. ಗೊರಿಲ್ಲಾ, ಹುಲಿಗಳ ವಿಷಯದಲ್ಲಿ ಹಾಗೆ ಮರಳಿಸುವುದು ತೀರಾ ಕಷ್ಟ ಅನ್ನುವುದೂ ನಿಜ. ಅದು ದೊಡ್ಡ ಚರ್ಚೆ, ಇಲ್ಲಿ ಬೆರೆಸುವುದು ಬೇಡ. ಇವತ್ತು ಒಳಗೆ ಇರುವ ಪ್ರಾಣಿಗಳಂತೂ ನಾಳೆಯೂ ಒಳಗೇ ಇರುತ್ತವೆ.

ಹಳೇ ಕೀಪರ್ ಅಣ್ಣ, ನಿಮ್ಮನ್ನು ಒಂದು ಕೇಳಬೇಕು. ನೋಡಲು ಹೋಗುವ ನಮ್ಮಂಥವರು ಮಾಡಬಹುದಾದದ್ದು ಏನಾದರೂ ಇದೆಯಾ? ಯಾರೋ ಬಿದ್ದೇಬಿಟ್ಟರು ಅಂದುಕೊಳ್ಳಿ.

ಹಳೇ ಕೀಪರ್:
ಇದೆ, ತುಂಬ ಇದೆ.

ಮೊದಲು ಕೂಗಬೇಡಿ. ಬಿದ್ದವನ ಕಡೆ ಕಲ್ಲು, ಬಾಟಲಿ ಎಸೆಯಬೇಡಿ. ನೀವು ಎಸೆದದ್ದು ಪ್ರಾಣಿಯನ್ನು ಓಡಿಸುವುದಿಲ್ಲ, ಕೆರಳಿಸುತ್ತದೆ. ಒಬ್ಬರು ಸಿಬ್ಬಂದಿಯನ್ನು ಹುಡುಕಿ ಓಡಿ, ಉಳಿದವರು ಮಕ್ಕಳನ್ನು ಕರೆದುಕೊಂಡು ಅಲ್ಲಿಂದ ಹಿಂದೆ ಸರಿಯಿರಿ. ಜನ ಖಾಲಿಯಾದರೆ ಪ್ರಾಣಿ ಅರ್ಧ ತಣ್ಣಗಾಗುತ್ತದೆ, ನಮ್ಮ ದನಿ ಅದಕ್ಕೆ ಕೇಳಿಸುತ್ತದೆ. ನಾವು ದಿನಾ ಊಟಕ್ಕೆ ಕರೆಯುವ ದನಿ ಅದು. ವಿಡಿಯೊ ಮಾಡುತ್ತಾ ಕಂಬಿಗೆ ಒರಗಿ ನಿಲ್ಲುವವರನ್ನು ಬೇಡಿಕೊಳ್ಳುತ್ತೇನೆ, ದಯವಿಟ್ಟು ಹೋಗಿ.

ಮಗುವನ್ನು ಕಂಬಿಯ ಮೇಲೆ ಕೂರಿಸಬೇಡಿ, ಒಂದು ಫೋಟೊಗೂ ಬೇಡ. 2012ರಲ್ಲಿ ಪಿಟ್ಸ್‌ಬರ್ಗ್ ಮೃಗಾಲಯದಲ್ಲಿ ಆಫ್ರಿಕಾದ ಕಾಡುನಾಯಿಗಳ ಆವರಣಕ್ಕೆ ಬಿದ್ದದ್ದು ಎರಡು ವರ್ಷದ ಮಗು, ಚೆನ್ನಾಗಿ ಕಾಣಲಿ ಅಂತ ತಾಯಿ ಎತ್ತಿ ನಿಲ್ಲಿಸಿದ್ದರು. ಕೆಲವು ನಾಯಿಗಳು ಕರೆದಾಗ ಒಳಗೆ ಬಂದವು, ಒಂದಕ್ಕೆ ಗುಂಡು ಹಾರಿಸಿದರು. ಮಗು ಉಳಿಯಲಿಲ್ಲ. ಆ ತಾಯಿಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಎತ್ತಿ ನಿಲ್ಲಿಸುವ ಹಾಗೆ ಕಂಬಿ ಇದ್ದರೆ ಯಾರಾದರೂ ನಿಲ್ಲಿಸುತ್ತಾರೆ.

ನೇರನುಡಿ:
ಕೊನೆಯದಾಗಿ ಒಂದು. ತಯಾರಿ ಇದೆಯೋ ಇಲ್ಲವೋ ಅಂತ ನಮ್ಮಂಥ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಯಾರನ್ನು, ಏನಂತ ಕೇಳಬೇಕು?

ಹಳೇ ಕೀಪರ್:
ಮೃಗಾಲಯದ ಅಧಿಕಾರಿಗೆ ಪತ್ರ ಬರೆದು ನೇರವಾಗಿ ಕೇಳಿ. ಕಂದಕದ ಗೋಡೆ ಕೊನೆಯ ಸಲ ಅಳೆದದ್ದು ಯಾವಾಗ, ಎಷ್ಟು ಬಂತು. ಪ್ರಾಣಿ ತಪ್ಪಿಸಿಕೊಂಡರೆ, ಜನ ಬಿದ್ದರೆ ಏನು ಮಾಡಬೇಕು ಅನ್ನುವ ಅಣಕು ಕಾರ್ಯಾಚರಣೆ ಈ ವರ್ಷ ಎಷ್ಟು ಸಲ ಮಾಡಿದಿರಿ, ರಜಾದಿನದ ಪಾಳಿಯವರೂ ಅದರಲ್ಲಿ ಇದ್ದರಾ. ಬಂದೂಕು, ಡಾರ್ಟ್ ಇರುವ ಬೀರುವಿನಿಂದ ಹುಲಿಯ ಆವರಣಕ್ಕೆ ಓಡಿ ಬರಲು ಎಷ್ಟು ನಿಮಿಷ. ಬೀರುವಿನ ಕೀಲಿ ಯಾರ ಹತ್ತಿರ ಇದೆ, ಅವರು ರಜೆ ಹಾಕಿದ ದಿನ ಯಾರ ಹತ್ತಿರ ಇರುತ್ತದೆ.